ಹೆದರುವ ಸ್ವಭಾವದವರಿಗೇ ನಿಮಿರುವಿಕೆಯ ತೊಂದರೆ ಬರುತ್ತದೆಯೇ?

ಪ್ರಶ್ನೆ: ನನಗೆ 34 ವರ್ಷ. ಮದುವೆಯಾಗಿ ನಾಲ್ಕು ವರ್ಷವಾಯಿತು. ಎಂಟು ತಿಂಗಳ ಹಿಂದೆ, ಕೆಲಸದ ಒತ್ತಡದಲ್ಲಿ ವಾರವಿಡೀ ನಿದ್ದೆಗೆಟ್ಟಿದ್ದಾಗ ಒಂದು ರಾತ್ರಿ ಶಿಶ್ನ ಗಡುಸಾಗಲೇ ಇಲ್ಲ. ಅಂದು ಶುರುವಾದದ್ದು ಇನ್ನೂ ನಿಂತಿಲ್ಲ. ಮೊದಮೊದಲು ಸರಿಯಿರುತ್ತದೆ, ಸಂಭೋಗಕ್ಕೆ ತೊಡಗುವ ಹೊತ್ತಿಗೆ ಮೆತ್ತಗಾಗುತ್ತದೆ. ಬೆಳಗ್ಗೆ ಏಳುವಾಗ ಅಥವಾ ಒಬ್ಬನೇ ಇದ್ದಾಗ ತೊಂದರೆಯಿಲ್ಲ. ಚಿಕ್ಕಂದಿನಿಂದಲೂ ನನ್ನದು ಹೆದರುವ ಸ್ವಭಾವ. ಮಾಡಿದ ಕೆಲಸವನ್ನೇ ನಾಲ್ಕು ಸಲ ನೋಡುತ್ತೇನೆ, ಯಾರೇನು ಅಂದುಕೊಳ್ಳುತ್ತಾರೋ ಎಂಬ ಚಿಂತೆ ಬಿಡುವುದಿಲ್ಲ. ‘ದುರ್ಬಲ ಮನಸ್ಸಿನವರಿಗೆ’ ಹೀಗಾಗುತ್ತದೆ ಎಂದು ಎಲ್ಲೋ ಓದಿದೆ. ಹೆಂಡತಿ ಬಾಯಿಬಿಟ್ಟು ಏನೂ ಹೇಳಿಲ್ಲ, ಆದರೆ ನನಗೆ ಅವಳ ಮೇಲೆ ಆಸೆಯೇ ಹೋಗಿದೆ ಎಂದುಕೊಂಡಿರುವ ಹಾಗಿದೆ. ಸ್ವಭಾವವೇ ಕಾರಣವಾದರೆ ಅದು ಬದಲಾಗುವಂಥದ್ದಲ್ಲ. ಹಾಗಾದರೆ ಇದು ಗುಣವಾಗುವುದೇ ಇಲ್ಲವೇ? ಸ್ನೇಹಿತನೊಬ್ಬ ತನ್ನ ಹತ್ತಿರ ಇರುವ ಮಾತ್ರೆ ಕೊಡುತ್ತೇನೆ ಎನ್ನುತ್ತಿದ್ದಾನೆ. ತೆಗೆದುಕೊಳ್ಳಬಹುದೇ?

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆಗೇ ಮೊದಲು ಬರುತ್ತೇನೆ. ನೀವು ವಿವರಿಸಿರುವ ರೀತಿಯ ತೊಂದರೆ ಬಹುಮಟ್ಟಿಗೆ ಗುಣವಾಗುತ್ತದೆ. ಅದಕ್ಕಾಗಿ ನೀವು ಬೇರೆ ಮನುಷ್ಯನಾಗಬೇಕಾಗಿಲ್ಲ. ಎಂಟು ತಿಂಗಳ ಹಿಂದಿನ ಆ ರಾತ್ರಿಯನ್ನು ನಿಮ್ಮ ಸ್ವಭಾವದ ತಲೆಗೆ ಕಟ್ಟಬೇಡಿ. ವಾರವಿಡೀ ನಿದ್ದೆಯಿಲ್ಲದ ದೇಹ ಅಂದು ಸ್ಪಂದಿಸಲಿಲ್ಲ, ಅಷ್ಟೇ. ದಣಿವು, ಜ್ವರ, ಹೆಚ್ಚಾದ ಮದ್ಯ, ಮನಸ್ತಾಪ, ಇಂಥ ಯಾವುದೋ ಒಂದು ಕಾರಣಕ್ಕೆ ಅಂಥ ರಾತ್ರಿ ಹೆಚ್ಚಿನ ಗಂಡಸರ ಬದುಕಿನಲ್ಲಿ ಬಂದುಹೋಗುತ್ತದೆ. ಧೈರ್ಯವಂತ, ಹೆದರುಪುಕ್ಕಲ ಎಂಬ ಭೇದ ಅಲ್ಲಿಲ್ಲ. ಸ್ವಭಾವದ ಪಾಲು ಶುರುವಾಗುವುದು ಅದರ ಮಾರನೆಯ ದಿನ. ಒಬ್ಬ ‘ಸುಸ್ತಾಗಿತ್ತು’ ಎಂದು ಮರೆತುಬಿಡುತ್ತಾನೆ. ಇನ್ನೊಬ್ಬ ದಿನವಿಡೀ ಅದನ್ನೇ ಮೆಲುಕು ಹಾಕಿ, ಮುಂದಿನ ಸಲ ಮಂಚ ಹತ್ತುವಾಗಲೇ ‘ಇವತ್ತೂ ಹಾಗೇ ಆದರೆ?’ ಎಂಬ ಪ್ರಶ್ನೆಯನ್ನು ಜೊತೆಯಲ್ಲೇ ಕರೆದುಕೊಂಡು ಬರುತ್ತಾನೆ. ಮೊದಲ ಸೋಲಿನ ನಂತರ ಮನಸ್ಸು ಏನು ಮಾಡಿತು ಎಂಬುದರಲ್ಲೇ ನಿಮ್ಮ ತೊಂದರೆಯ ಬೇರಿದೆ. ಅದನ್ನು ಕಲಿತದ್ದು ಮನಸ್ಸೇ, ಆದ್ದರಿಂದ ಬೇರೆ ರೀತಿಯನ್ನೂ ಅದು ಕಲಿಯಬಲ್ಲದು.

ಇದು ‘ಕೇವಲ ಮನಸ್ಸಿನದು’ ಎಂದರೆ ಹಲವರಿಗೆ ತಮ್ಮ ತೊಂದರೆಯನ್ನು ಸುಳ್ಳು ಎಂದ ಹಾಗೆ ಕೇಳಿಸುತ್ತದೆ. ಹಾಗೇನಿಲ್ಲ. ಮನಸ್ಸಿನ ಅಳುಕು ಶಿಶ್ನದ ರಕ್ತನಾಳದವರೆಗೆ ಹೋಗುವ ದಾರಿ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತು. ಶಿಶ್ನ ನಿಮಿರುವುದು ಸ್ನಾಯು ಬಿಗಿಯುವುದರಿಂದ ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ಸ್ನಾಯು ಸಡಿಲವಾಗುವುದರಿಂದ ಆಗುತ್ತದೆ. ಉದ್ರೇಕವಾದಾಗ ಬೆನ್ನುಹುರಿಯ ಕೆಳಭಾಗದಿಂದ ಹೊರಡುವ ಪ್ಯಾರಾಸಿಂಪಥೆಟಿಕ್ ನರಗಳು ಶಿಶ್ನದೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತವೆ. ಅದರಿಂದ ಅಪಧಮನಿಗಳ ಮತ್ತು ಸ್ಪಂಜಿನಂಥ ಅಂಗಾಂಶದ ಗೋಡೆಯ ಸ್ನಾಯುಗಳು ಸಡಿಲಗೊಂಡು ರಕ್ತ ಒಳನುಗ್ಗುತ್ತದೆ. ಆ ತುಂಬುವಿಕೆಗೆ ಹೊರಹೋಗುವ ಸಿರೆಗಳು ಒತ್ತಿಕೊಂಡು ರಕ್ತ ಅಲ್ಲೇ ನಿಲ್ಲುತ್ತದೆ. ಇದೇ ಗಡುಸುತನ. ರಕ್ತನಾಳಗಳಲ್ಲಿ ನೈಟ್ರಿಕ್ ಆಕ್ಸೈಡ್ ಸಂದೇಶವಾಹಕವಾಗಿ ಕೆಲಸ ಮಾಡುವುದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದೇ ವರ್ಷ, ಇದೇ ದಾರಿಯನ್ನು ಆಧರಿಸಿದ, ನಿಮಿರುವಿಕೆಯ ತೊಂದರೆಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ಮಾರುಕಟ್ಟೆಗೆ ಬಂತು.

ಇದಕ್ಕೆ ಎದುರಾಗಿ ಕೆಲಸ ಮಾಡುವುದು ಸಿಂಪಥೆಟಿಕ್ ನರವ್ಯೂಹ. ಅಪಾಯ ಕಂಡಾಗ ಎದೆಬಡಿತ ಏರಿಸಿ ದೇಹವನ್ನು ಓಡಲು ಅಥವಾ ಹೋರಾಡಲು ಅಣಿಮಾಡುವುದು ಇದೇ. ಇದು ಸುರಿಸುವ ನಾರ್‌ಅಡ್ರಿನಲಿನ್ ಶಿಶ್ನದ ಅದೇ ಸ್ನಾಯುಗಳನ್ನು ಬಿಗಿಗೊಳಿಸಿ ರಕ್ತವನ್ನು ಹೊರಗೆ ಕಳಿಸುತ್ತದೆ. ದಿನದ ಬಹುಪಾಲು ಶಿಶ್ನ ಮೆತ್ತಗಿರುವುದು, ಸಂಭೋಗ ಮುಗಿದ ಮೇಲೆ ಮೆತ್ತಗಾಗುವುದು ಇದರಿಂದಲೇ. ನರವ್ಯೂಹಕ್ಕೆ ಅಪಾಯ ಎಂದರೆ ಅಪಾಯ. ಎದುರಿಗಿರುವುದು ಹಾವೋ ‘ಈ ಸಲವೂ ಸೋತರೆ ಏನಂದುಕೊಳ್ಳುತ್ತಾಳೋ’ ಎಂಬ ಯೋಚನೆಯೋ, ಅದು ವ್ಯತ್ಯಾಸ ಮಾಡುವುದಿಲ್ಲ. ನೀವು ಮನಸ್ಸಿನಲ್ಲಿ ಹೆದರಿದ ಮರುಗಳಿಗೆಯಲ್ಲೇ ರಕ್ತನಾಳಗಳು ಮುದುಡುತ್ತವೆ. ಸ್ವಭಾವತಃ ಬೇಗ ಎಚ್ಚೆತ್ತುಕೊಳ್ಳುವ ನರವ್ಯೂಹ ಉಳ್ಳವರಲ್ಲಿ ಇದು ಇನ್ನಷ್ಟು ಬೇಗ ಆಗುತ್ತದೆ. ಅದು ಮನೋದೌರ್ಬಲ್ಯದ ಗುರುತಲ್ಲ. ಅದೇ ನರವ್ಯೂಹ ನಿಮ್ಮನ್ನು ಕೆಲಸದಲ್ಲಿ ಎಚ್ಚರದಿಂದ ಇಟ್ಟಿದೆ, ತಪ್ಪಾಗದ ಹಾಗೆ ನೋಡಿಕೊಂಡಿದೆ.

ಇನ್ನು ಆ ಕೆಲವು ಕ್ಷಣಗಳನ್ನು ಹತ್ತಿರದಿಂದ ನೋಡೋಣ. ನನ್ನ ಬಳಿ ಬರುವವರಿಗೆ ‘ಮೆತ್ತಗಾಗುವುದಕ್ಕೆ ಸ್ವಲ್ಪ ಮುಂಚೆ ನಿಮ್ಮ ಗಮನ ಎಲ್ಲಿತ್ತು?’ ಎಂದು ಕೇಳುತ್ತೇನೆ. ಹೆಚ್ಚಿನವರು ಅದನ್ನು ಯೋಚಿಸಿಯೇ ಇರುವುದಿಲ್ಲ. ಬಿಡಿಸಿ ಹೇಳಿದಾಗ ಬರುವ ಕಥೆ ಬಹಳ ಮಟ್ಟಿಗೆ ಒಂದೇ. ಅಪ್ಪುಗೆ, ಮುತ್ತು ಎಲ್ಲ ಸಹಜವಾಗಿ ನಡೆದಿರುತ್ತದೆ, ಶಿಶ್ನ ಗಡುಸಾಗಿರುತ್ತದೆ. ಆಗ ಒಳಗಿನಿಂದ ಒಂದು ದನಿ ಬರುತ್ತದೆ: ‘ಈಗ ಸರಿಯಿದೆ, ಬೇಗ ಶುರುಮಾಡು, ಹೋಗಿಬಿಟ್ಟೀತು.’ ಅಲ್ಲಿಗೆ ಗಮನ ಹೆಂಡತಿಯ ಮೈಯಿಂದ, ಅವಳ ಉಸಿರಿನಿಂದ ಕಿತ್ತುಕೊಂಡು ತನ್ನ ಸೊಂಟದ ಕೆಳಗೆ ಹೋಗುತ್ತದೆ. ಎಷ್ಟು ಗಡುಸಾಗಿದೆ? ಸಾಕೇ? ಮೊದಲಿಗಿಂತ ಕಡಿಮೆಯೇ? ಹೀಗೆ ಅಳೆಯುತ್ತಿರುವವನಿಗೆ ಸ್ಪರ್ಶದ ಸುಖ ತಲುಪುವುದಿಲ್ಲ. ಸುಖ ತಲುಪದ ಮೇಲೆ ಉದ್ರೇಕಕ್ಕೆ ಆಹಾರವೇ ಇಲ್ಲ. ಗಡುಸು ಕೂದಲೆಳೆಯಷ್ಟು ಇಳಿಯುತ್ತದೆ. ಅದು ಎಲ್ಲರಿಗೂ ಆಗುವ ಸಹಜವಾದ ಏರಿಳಿತ, ಆದರೆ ಅಳೆಯುತ್ತಿರುವವನ ಕಣ್ಣಿಗೆ ಅದು ದುರಂತದ ಮುನ್ಸೂಚನೆ. ಹೆದರಿಕೆ ಏರುತ್ತದೆ, ಗಡುಸು ಪೂರ್ತಿ ಇಳಿಯುತ್ತದೆ. ಇದೆಲ್ಲ ನಡೆಯುವುದು ಅರ್ಧ ನಿಮಿಷದಲ್ಲಿ. ಅಮೆರಿಕದ ಲೈಂಗಿಕ ಸಂಶೋಧಕರಾದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲೇ ಇದನ್ನು ಗುರುತಿಸಿದ್ದರು: ಗಂಡಸು ಆ ಹೊತ್ತಿನಲ್ಲಿ ಪಾಲುದಾರನಾಗಿರುವುದನ್ನು ಬಿಟ್ಟು ತನ್ನದೇ ಮೈಯ ಪ್ರೇಕ್ಷಕನಾಗಿಬಿಡುತ್ತಾನೆ.

ನಿದ್ದೆ ಬರಲಿ ಎಂದು ಹಠ ಹಿಡಿದು ಮಲಗಿದವನಿಗೆ ನಿದ್ದೆ ಬಾರದಿರುವ ಹಾಗೆಯೇ ಇದು. ಬರಲೇಬೇಕು ಎಂದಷ್ಟೂ ದೂರ ಸರಿಯುತ್ತದೆ. ಎಲ್ಲವನ್ನೂ ಶ್ರದ್ಧೆಯಿಂದ, ಪ್ರಯತ್ನದಿಂದ ಸಾಧಿಸಿಕೊಂಡು ಬಂದವರಿಗೆ ಇದು ಬಹಳ ಕಷ್ಟದ ಮಾತು. ಅವರ ಬದುಕಿನಲ್ಲಿ ಎಲ್ಲ ಕಡೆ ಫಲ ಕೊಟ್ಟ ಒಂದೇ ಉಪಾಯ, ಇನ್ನಷ್ಟು ಪ್ರಯತ್ನಪಡುವುದು, ಇಲ್ಲಿ ತಿರುಗುಬಾಣವಾಗುತ್ತದೆ.

ಹೆದರಿಕೆ ಎಲ್ಲರ ಮೇಲೂ ಒಂದೇ ಪರಿಣಾಮ ಮಾಡುತ್ತದೆಯೇ? ಇಲ್ಲ ಎಂಬುದನ್ನು ಡೇವಿಡ್ ಬಾರ್ಲೊ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಕಾಮೋದ್ರೇಕದ ದೃಶ್ಯ ನೋಡುತ್ತಿರುವ ಗಂಡಸರಿಗೆ ‘ಸಾಕಷ್ಟು ಉದ್ರೇಕವಾಗದಿದ್ದರೆ ಸಣ್ಣದೊಂದು ವಿದ್ಯುತ್ ಶಾಕ್ ಕೊಡಬಹುದು’ ಎಂದು ಹೇಳಿಡುತ್ತಿದ್ದರು. ಲೈಂಗಿಕ ತೊಂದರೆ ಇಲ್ಲದವರಲ್ಲಿ ಈ ಬೆದರಿಕೆಯಿಂದ ಉದ್ರೇಕ ಹೆಚ್ಚಿತು. ತೊಂದರೆ ಇದ್ದವರಲ್ಲಿ ಅದೇ ಬೆದರಿಕೆಯಿಂದ ಕುಗ್ಗಿತು. ಗಮನ ಬೇರೆಡೆ ಸೆಳೆಯುವ ಸದ್ದು ಕೇಳಿಸಿದಾಗ ಫಲಿತಾಂಶ ತಿರುವುಮುರುವು: ತೊಂದರೆ ಇಲ್ಲದವರ ಉದ್ರೇಕ ಇಳಿಯಿತು, ತೊಂದರೆ ಇದ್ದವರಲ್ಲಿ ಇಳಿಯಲಿಲ್ಲ. ಅವರ ಗಮನ ಮೊದಲೇ ಬೇರೆಡೆ ಇತ್ತು, ತಮ್ಮ ಸೋಲಿನ ಮೇಲೆ. ಅಷ್ಟೇ ಅಲ್ಲ, ತಮಗೆ ಎಷ್ಟು ನಿಮಿರಿದೆ ಎಂದು ಅಂದಾಜು ಹೇಳಲು ಕೇಳಿದರೆ ಅವರು ಯಂತ್ರ ಅಳೆದದ್ದಕ್ಕಿಂತ ಕಡಿಮೆಯನ್ನೇ ಹೇಳುತ್ತಿದ್ದರು. ನನಗೆ ಈ ಪ್ರಯೋಗಗಳು ಬಹಳ ಮುಖ್ಯ ಅನ್ನಿಸುತ್ತವೆ. ಎದೆ ಹೊಡೆದುಕೊಳ್ಳುವುದು ಶತ್ರುವಲ್ಲ, ಆ ಹೊತ್ತಿನಲ್ಲಿ ಗಮನ ಎಲ್ಲಿಗೆ ಓಡುತ್ತದೆ ಎಂಬುದೇ ನಿರ್ಣಾಯಕ ಎಂದು ಅವು ಹೇಳುತ್ತವೆ. ಗಮನವನ್ನು ಪಳಗಿಸಬಹುದು.

ಸ್ವಭಾವದ ಬಗ್ಗೆ ಸಂಶೋಧನೆ ಏನು ಹೇಳುತ್ತದೆ ಎಂಬುದನ್ನೂ ತಿಳಿಸುತ್ತೇನೆ, ನೀವು ಅರ್ಧಂಬರ್ಧ ಓದಿ ಹೆದರಿದ್ದೀರಿ. ಮನಶ್ಶಾಸ್ತ್ರಜ್ಞರು ವ್ಯಕ್ತಿತ್ವವನ್ನು ಸಾಮಾನ್ಯವಾಗಿ ಐದು ಗುಣಗಳ ಮೇಲೆ ಅಳೆಯುತ್ತಾರೆ. ಅವುಗಳಲ್ಲಿ ನ್ಯೂರೊಟಿಸಿಸಂ ಎಂಬುದು ಬೇಗ ಕಳವಳಗೊಳ್ಳುವ, ಕೆಟ್ಟದ್ದನ್ನೇ ಮೊದಲು ಊಹಿಸುವ, ನೊಂದದ್ದನ್ನು ಬೇಗ ಮರೆಯದ ಗುಣ. ನಿಮಿರುವಿಕೆಯೂ ಸೇರಿದಂತೆ ಲೈಂಗಿಕ ತೊಂದರೆಗಳೊಂದಿಗೆ ಪದೇಪದೇ ನಂಟು ಕಂಡುಬಂದಿರುವುದು ಈ ಗುಣಕ್ಕೇ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1987ರಿಂದ 40 ದಾಟಿದ ಗಂಡಸರ ಮೇಲೆ ನಡೆದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಶುರುವಿನಲ್ಲಿ ತೊಂದರೆ ಇಲ್ಲದಿದ್ದವರನ್ನು ವರ್ಷಗಳ ನಂತರ ಮತ್ತೆ ನೋಡಿದಾಗ, ಇತರರಿಗೆ ತಗ್ಗಿ ನಡೆಯುವ, ತನಗೆ ಬೇಕಾದ್ದನ್ನು ಗಟ್ಟಿಯಾಗಿ ಕೇಳದ ಸ್ವಭಾವದವರಲ್ಲಿ ಹೊಸದಾಗಿ ನಿಮಿರುವಿಕೆಯ ತೊಂದರೆ ಹೆಚ್ಚಾಗಿ ಕಾಣಿಸಿಕೊಂಡಿತ್ತು. ತನ್ನೊಳಗಿನ ಭಾವನೆ ಏನೆಂದು ಗುರುತಿಸಲು, ಮಾತಿನಲ್ಲಿ ಹೇಳಲು ಆಗದವರಲ್ಲೂ ಇಂಥ ನಂಟು ವರದಿಯಾಗಿದೆ.

ಲೈಂಗಿಕತೆಯ ಸಂಶೋಧನೆ ನಡೆಸುವ ಅಮೆರಿಕದ ಕಿನ್ಸೆ ಸಂಸ್ಥೆಯಲ್ಲಿದ್ದ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸೆನ್ ಇದನ್ನು ನನ್ನ ಕೆಲಸಕ್ಕೆ ಹೆಚ್ಚು ಒಗ್ಗುವ ರೀತಿಯಲ್ಲಿ ಹೇಳಿದರು. ಪ್ರತಿ ಮನುಷ್ಯನ ಮಿದುಳಿನಲ್ಲೂ ಲೈಂಗಿಕ ಉದ್ರೇಕವನ್ನು ಏರಿಸುವ ಒಂದು ವ್ಯವಸ್ಥೆ, ತಡೆಯುವ ಇನ್ನೊಂದು ವ್ಯವಸ್ಥೆ ಇದೆ, ಎರಡರ ಬಲ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ ಎನ್ನುತ್ತಾರೆ ಅವರು. 2002ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ತಡೆಯುವ ವ್ಯವಸ್ಥೆಯನ್ನು ಎರಡಾಗಿ ಬಿಡಿಸಿದರು: ಸೋಲುವ ಭಯದಿಂದ ಬರುವ ತಡೆ ಒಂದು, ಗರ್ಭ ನಿಲ್ಲುವುದು, ರೋಗ, ಯಾರಾದರೂ ನೋಡಿಬಿಡುವುದು ಇಂಥ ಪರಿಣಾಮಗಳ ಭಯದಿಂದ ಬರುವ ತಡೆ ಇನ್ನೊಂದು. ನಿಮಿರುವಿಕೆಯ ತೊಂದರೆಗೆ ಹತ್ತಿರದ ನಂಟಿರುವುದು ಮೊದಲನೆಯದಕ್ಕೆ. ನಿಮ್ಮಲ್ಲೂ ಕೆಲಸ ಮಾಡುತ್ತಿರುವುದು ಅದೇ.

ಆದರೆ ಈ ಅಧ್ಯಯನಗಳನ್ನು ಓದುವಾಗ ಒಂದು ಎಚ್ಚರ ಬೇಕು. ಇವೆಲ್ಲ ಗುಂಪಿನ ಸರಾಸರಿಯ ಮಾತು. ಕಳವಳದ ಸ್ವಭಾವವಿದ್ದೂ ಜೀವನಪೂರ್ತಿ ಈ ತೊಂದರೆ ಕಾಣದ ಗಂಡಸರು ಬೇಕಾದಷ್ಟು ಇದ್ದಾರೆ. ಯಾವ ಅಳುಕೂ ಇಲ್ಲದವರನ್ನು ಸಕ್ಕರೆ ಕಾಯಿಲೆ ಈ ತೊಂದರೆಗೆ ತಳ್ಳುವುದನ್ನೂ ದಿನನಿತ್ಯ ನೋಡುತ್ತೇವೆ. ಇನ್ನು ಎಷ್ಟೋ ಅಧ್ಯಯನಗಳು ಒಂದೇ ಹೊತ್ತಿನಲ್ಲಿ ಸ್ವಭಾವವನ್ನೂ ತೊಂದರೆಯನ್ನೂ ಅಳೆದಂಥವು. ತಿಂಗಳುಗಟ್ಟಲೆ ಇದನ್ನು ಅನುಭವಿಸಿದ ಯಾರೇ ಆದರೂ ಪ್ರಶ್ನಾವಳಿ ತುಂಬುವಾಗ ಕಳವಳದವರಾಗಿಯೇ ಕಾಣುತ್ತಾರೆ. ‘ದುರ್ಬಲ ಮನಸ್ಸು’ ಎಂದು ಬರೆದವರಿಗೆ ಈ ಸೂಕ್ಷ್ಮ ಗೊತ್ತಿರಲಾರದು. ಆ ಮಾತನ್ನು ನಾನು ಖಡಾಖಂಡಿತವಾಗಿ ತಳ್ಳಿಹಾಕುತ್ತೇನೆ. ಅದು ವೈದ್ಯಕೀಯವಾಗಿ ತಪ್ಪು, ಜೊತೆಗೆ ಅದನ್ನು ಓದಿದವನ ಹೆದರಿಕೆಯನ್ನು ಇಮ್ಮಡಿಸಿ ಹಾನಿ ಮಾಡುತ್ತದೆ.

ಸ್ವಭಾವಕ್ಕಿಂತ ನಾನು ಹೆಚ್ಚು ಹೊತ್ತು ಮಾತಾಡುವುದು ನಂಬಿಕೆಗಳ ಬಗ್ಗೆ. ಗಂಡಸಾದವನು ಯಾವಾಗ ಬೇಕಾದರೂ ಸಿದ್ಧನಿರಬೇಕು. ನಿಜವಾದ ಆಸೆ ಇದ್ದರೆ ತಾನಾಗಿ ನಿಮಿರಲೇಬೇಕು. ಒಮ್ಮೆ ಮೆತ್ತಗಾದರೆ ಅಂದಿನ ಕಥೆ ಮುಗಿಯಿತು. ಹೆಣ್ಣಿಗೆ ಸುಖ ಕೊಡಲು ಗಡುಸಾದ ಶಿಶ್ನ ಬಿಟ್ಟು ಬೇರೆ ದಾರಿಯಿಲ್ಲ. ಇವುಗಳಲ್ಲಿ ಒಂದೂ ನಿಜವಲ್ಲ. ಆದರೆ ಇವನ್ನು ನಂಬಿದವನಿಗೆ ಒಂದು ರಾತ್ರಿಯ ದಣಿವು ತನ್ನ ಗಂಡಸುತನದ ಮೇಲಿನ ತೀರ್ಪಾಗಿಬಿಡುತ್ತದೆ. ಇವನ್ನು ನಂಬದ ಕಳವಳದ ಮನುಷ್ಯ ಎರಡು ದಿನ ಚಿಂತೆ ಮಾಡಿ ಮುಂದೆ ಹೋಗಬಲ್ಲ, ಇವನ್ನು ನಂಬಿದ ಧೈರ್ಯವಂತ ಕುಸಿಯಬಲ್ಲ. ಕಳವಳದ ಸ್ವಭಾವಕ್ಕೆ ಈ ನಂಬಿಕೆಗಳು ಸೇರಿಕೊಂಡರೆ ಬಿಕ್ಕಟ್ಟು ಗಟ್ಟಿಯಾಗುತ್ತದೆ. ಸ್ವಭಾವವನ್ನು ಅಲುಗಾಡಿಸುವುದು ನಿಧಾನದ ಕೆಲಸ. ನಂಬಿಕೆಯನ್ನು ಪ್ರಶ್ನಿಸುವುದು ಇವತ್ತಿನಿಂದಲೇ ಆಗುವ ಕೆಲಸ.

ನಿರೀಕ್ಷೆಗೆ ಎಷ್ಟು ಬಲವಿದೆ ಎಂಬುದಕ್ಕೆ ಒಂದು ಅಧ್ಯಯನವನ್ನು ಹೇಳಬೇಕು. 2003ರಲ್ಲಿ ಇಟಲಿಯ ಸಂಶೋಧಕರು ಹೃದ್ರೋಗ ಹೊಸದಾಗಿ ಪತ್ತೆಯಾದ, ಆದರೆ ನಿಮಿರುವಿಕೆಯ ತೊಂದರೆ ಇಲ್ಲದ 96 ಗಂಡಸರಿಗೆ ಅಟೆನೊಲಾಲ್ ಎಂಬ ಬಿಪಿ ಮಾತ್ರೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಯಾವ ಮಾತ್ರೆ ಎಂದು ಹೇಳದೆ ಕೊಟ್ಟ ಗುಂಪಿನಲ್ಲಿ ಶೇ 3.1ರಷ್ಟು ಜನರಿಗೆ ನಿಮಿರುವಿಕೆಯ ತೊಂದರೆ ಕಂಡಿತು. ಮಾತ್ರೆಯ ಹೆಸರನ್ನಷ್ಟೇ ಹೇಳಿದ ಗುಂಪಿನಲ್ಲಿ ಶೇ 15.6. ‘ಇದರಿಂದ ನಿಮಿರುವಿಕೆಯ ತೊಂದರೆ ಬರಬಹುದು’ ಎಂದೂ ಹೇಳಿದ ಗುಂಪಿನಲ್ಲಿ ಶೇ 31.2. ಮೂರೂ ಗುಂಪಿನವರು ನುಂಗಿದ್ದು ಒಂದೇ ಮಾತ್ರೆ. ತೊಂದರೆ ಬಂದವರಿಗೆ ಆಮೇಲೆ ಸಿಲ್ಡೆನಾಫಿಲ್ ಕೊಟ್ಟಾಗಲೂ, ಔಷಧವೇ ಇಲ್ಲದ ಮಾತ್ರೆ ಕೊಟ್ಟಾಗಲೂ ಹೆಚ್ಚುಕಡಿಮೆ ಒಂದೇ ರೀತಿ ಗುಣ ಕಂಡಿತು. ‘ಹಾಗಾಗಬಹುದು’ ಎಂಬ ಒಂದು ಮಾತಿಗೆ ಇಷ್ಟು ಶಕ್ತಿ ಇದ್ದರೆ, ಎಂಟು ತಿಂಗಳಿಂದ ದಿನವೂ ನೀವೇ ನಿಮಗೆ ಹೇಳಿಕೊಳ್ಳುತ್ತಿರುವ ಅದೇ ಮಾತಿಗೆ ಎಷ್ಟಿರಬಹುದು ಯೋಚಿಸಿ. (ಇದನ್ನು ಓದಿ ಯಾರೂ ತಮ್ಮ ಬಿಪಿ ಮಾತ್ರೆ ನಿಲ್ಲಿಸಬಾರದು. ಅನುಮಾನವಿದ್ದರೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ.)

ಮನಸ್ಸಿನ ಇತರ ಕಾರಣಗಳಲ್ಲಿ ಖಿನ್ನತೆಯನ್ನು ಬಿಡುವ ಹಾಗಿಲ್ಲ. ಖಿನ್ನತೆಯಿಂದ ಆಸೆಯೇ ಬತ್ತಿ ನಿಮಿರುವಿಕೆ ಕುಗ್ಗಬಹುದು, ನಿಮಿರುವಿಕೆಯ ತೊಂದರೆಯಿಂದ ಖಿನ್ನತೆ ಬರಬಹುದು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಲೈಂಗಿಕ ತೊಂದರೆ ಆಗಬಹುದು. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು, ತಡಮಾಡಬಾರದು. ಗಂಡ ಹೆಂಡತಿಯ ನಡುವೆ ಒಳಗೊಳಗೇ ಕುದಿಯುವ ಸಿಟ್ಟು, ಬಾಲ್ಯದಲ್ಲಿ ಆದ ಲೈಂಗಿಕ ದೌರ್ಜನ್ಯ, ಮಗುವಾಗಲೇಬೇಕು ಎಂದು ದಿನ ಎಣಿಸಿ ಸೇರುವ ಒತ್ತಡ, ಇವೂ ಕಾರಣಗಳೇ. ಹಸ್ತಮೈಥುನದಿಂದ ಶಕ್ತಿ ನಷ್ಟವಾಗಿ ಹೀಗಾಯಿತು ಎಂದು ಹಲವರು ಬರೆಯುತ್ತಾರೆ. ಹಾಗೆ ಆಗುವುದಿಲ್ಲ. ಅದರ ಬಗೆಗಿನ ಅಪರಾಧ ಭಾವ ಮಾತ್ರ ಕಾಡಬಲ್ಲದು.

ಇಷ್ಟೆಲ್ಲ ಹೇಳಿದ ಮೇಲೂ, ದೇಹದ ತಪಾಸಣೆಯನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ನಿಮ್ಮ ಪತ್ರದಲ್ಲಿರುವ ಗುರುತುಗಳು ಮನಸ್ಸಿನ ಕಡೆಗೇ ಬೆರಳು ತೋರಿಸುತ್ತವೆ: ಇದ್ದಕ್ಕಿದ್ದಂತೆ ಶುರುವಾಗಿದೆ, ಒಂದು ಸಂದರ್ಭದಲ್ಲಿ ಮಾತ್ರ ಆಗುತ್ತದೆ, ಒಬ್ಬರೇ ಇದ್ದಾಗ ಸರಿಯಿದೆ, ಬೆಳಗ್ಗೆ ನಿಮಿರುತ್ತದೆ. ಆರೋಗ್ಯವಂತ ಗಂಡಸಿಗೆ ಕನಸು ಕಾಣುವ ಹಂತದ ನಿದ್ದೆಯಲ್ಲಿ ರಾತ್ರಿಗೆ ಮೂರರಿಂದ ಐದು ಸಲ ತಾನಾಗಿ ನಿಮಿರುತ್ತದೆ. ಬೆಳಗ್ಗೆ ನೀವು ಕಾಣುವುದು ಅದರ ಕೊನೆಯದನ್ನು. ನರ, ರಕ್ತನಾಳ, ಹಾರ್ಮೋನು ಹೆಚ್ಚುಕಡಿಮೆ ಸರಿಯಿವೆ ಎಂಬ ಒಳ್ಳೆಯ ಸೂಚನೆ ಅದು. ಆದರೆ ಸೂಚನೆಯನ್ನೇ ಪುರಾವೆ ಎಂದುಕೊಳ್ಳಬಾರದು. ಶಿಶ್ನದ ಅಪಧಮನಿಗಳ ಅಗಲ ಒಂದೆರಡು ಮಿಲಿಮೀಟರ್, ಹೃದಯದ ಅಪಧಮನಿಗಳದ್ದು ಮೂರು ನಾಲ್ಕು. ಕೊಬ್ಬು ಕಟ್ಟುವ ಕಾಯಿಲೆ ಸಣ್ಣ ನಾಳದಲ್ಲಿ ಮೊದಲು ತೋರಿಕೊಳ್ಳುವುದರಿಂದ, ಹೃದಯದ ತೊಂದರೆಗೆ ಎರಡರಿಂದ ಐದು ವರ್ಷ ಮುಂಚೆಯೇ ನಿಮಿರುವಿಕೆ ಕುಗ್ಗಬಹುದು. ಆದ್ದರಿಂದ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ಆಸೆಯೂ ಕಡಿಮೆಯಾಗಿದ್ದರೆ ಬೆಳಗಿನ ಹೊತ್ತು ಟೆಸ್ಟೊಸ್ಟಿರಾನ್ ಪರೀಕ್ಷೆಯನ್ನೂ ವೈದ್ಯರು ಹೇಳಬಹುದು. ಸಿಗರೇಟು ಇದ್ದರೆ ಬಿಡಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ. ದೇಹದ ಕಾರಣ ಸ್ಪಷ್ಟವಾಗಿ ಸಿಕ್ಕವರಲ್ಲೂ ಮನಸ್ಸಿನ ಪದರ ಇದ್ದೇ ಇರುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ವಲ್ಪ ಕುಗ್ಗಿದ್ದನ್ನು ಹೆದರಿಕೆ ಪೂರ್ತಿ ಕುಗ್ಗಿಸಿರುತ್ತದೆ. ದೇಹದ್ದೋ ಮನಸ್ಸಿನದೋ ಎಂದು ಎರಡು ಪೆಟ್ಟಿಗೆ ಮಾಡಿ ವಿಂಗಡಿಸುವ ಅಭ್ಯಾಸದಿಂದ ರೋಗಿಗೆ ಪ್ರಯೋಜನವಿಲ್ಲ.

ಈಗ ಮಾಡಬೇಕಾದದ್ದು. ಮೊದಲನೆಯದು ಹೆಂಡತಿಯೊಂದಿಗೆ ಮಾತು. ನೀವು ಸುಮ್ಮನಿದ್ದಷ್ಟು ದಿನ ಅವರು ತಮ್ಮದೇ ಅರ್ಥ ಕಟ್ಟಿಕೊಳ್ಳುತ್ತಾರೆ. ಸೋಲುವ ಭಯಕ್ಕೆ ನೀವು ಮುಟ್ಟುವುದನ್ನೇ ಕಡಿಮೆ ಮಾಡಿದ್ದರೆ, ಅವರಿಗೆ ಅದು ತಿರಸ್ಕಾರದ ಹಾಗೆ ಕಾಣುತ್ತದೆ. ಈ ಮಾತನ್ನು ಮಂಚದ ಮೇಲೆ, ಮೆತ್ತಗಾದ ಹೊತ್ತಿನಲ್ಲಿ ಆಡಬೇಡಿ. ಬೇರೆ ಸಮಯದಲ್ಲಿ, ಇಬ್ಬರಿಗೂ ಬಿಡುವಿದ್ದಾಗ ಹೇಳಿ. ಮಾತು ಹೀಗಿರಬಹುದು: ‘ನಿನ್ನ ಮೇಲಿನ ಆಸೆ ಹೋಗಿಲ್ಲ. ಅವತ್ತು ಒಂದಿನ ಆಗದೇ ಇದ್ದದ್ದಕ್ಕೆ ಹೆದರಿಬಿಟ್ಟೆ. ಈಗ ಪ್ರತಿ ಸಲ ಅದೇ ಹೆದರಿಕೆ ಬರುತ್ತೆ, ಹೆದರಿದಷ್ಟೂ ಆಗಲ್ಲ. ನಿನ್ನ ಸಹಾಯ ಬೇಕು.’ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. ತಗ್ಗಿ ನಡೆಯುವ, ಒಳಗಿನದನ್ನು ಹೇಳದ ಸ್ವಭಾವದವರಿಗೆ ಈ ನಾಲ್ಕು ವಾಕ್ಯವೇ ದೊಡ್ಡ ಚಿಕಿತ್ಸೆ ಎಂದು ನನ್ನ ಅನುಭವ.

ಎರಡನೆಯದು ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸ. ಇಂದಿಗೂ ಲೈಂಗಿಕ ಚಿಕಿತ್ಸೆಯ ತಳಹದಿ ಇದೇ. ಇಬ್ಬರೂ ಒಪ್ಪಿ, ಕೆಲವು ವಾರ ಸಂಭೋಗವೇ ಬೇಡ ಎಂದು ತೀರ್ಮಾನಿಸಬೇಕು. ಕೇಳಲು ವಿಚಿತ್ರ, ಆದರೆ ಸೋಲಲು ಪರೀಕ್ಷೆಯೇ ಇಲ್ಲ ಎಂದಾದಾಗ ಹೆದರಿಕೆಗೆ ನೆಲೆ ತಪ್ಪುತ್ತದೆ. ವಾರಕ್ಕೆ ಎರಡು ಮೂರು ಸಲ, ಒಬ್ಬರು ಇನ್ನೊಬ್ಬರನ್ನು ಹದಿನೈದು ಇಪ್ಪತ್ತು ನಿಮಿಷ ಮುಟ್ಟಬೇಕು, ಆಮೇಲೆ ಸರದಿ ಬದಲಾಗಬೇಕು. ಮೊದಲ ಹಂತದಲ್ಲಿ ಜನನಾಂಗ, ಸ್ತನ ಬಿಟ್ಟು. ಉದ್ರೇಕಿಸಲೇಬೇಕು, ಸುಖ ಕೊಡಲೇಬೇಕು ಎಂಬ ಗುರಿ ಬೇಡ. ಚರ್ಮ ಬೆಚ್ಚಗಿದೆಯೇ ತಣ್ಣಗಿದೆಯೇ, ನಯವೇ ಒರಟೇ, ಎಲ್ಲಿ ಒತ್ತಿದರೆ ಹೇಗನ್ನಿಸುತ್ತದೆ, ಇಷ್ಟರ ಮೇಲೆ ಗಮನ ಇರಲಿ. ಮನಸ್ಸು ಅಳೆಯಲು ಓಡಿಹೋಗುತ್ತದೆ, ಬೈದುಕೊಳ್ಳದೆ ಮತ್ತೆ ಸ್ಪರ್ಶಕ್ಕೆ ಕರೆತನ್ನಿ. ಅಲ್ಲಿ ಪಳಗುತ್ತಿರುವುದು ಗಮನ. ನಡುವೆ ಚೆನ್ನಾಗಿ ನಿಮಿರಿದರೂ ‘ಇವತ್ತು ಆಗಬಹುದು’ ಎಂದು ಒಪ್ಪಂದ ಮುರಿಯಬೇಡಿ. ಬಹಳ ಜೋಡಿಗಳು ಎಡವುವುದು ಇಲ್ಲೇ.

ಮುಂದಿನ ಹಂತದಲ್ಲಿ ಜನನಾಂಗದ ಸ್ಪರ್ಶವೂ ಸೇರುತ್ತದೆ. ಆಗ ಒಂದು ಅಭ್ಯಾಸವನ್ನು ಬೇಕೆಂದೇ ಮಾಡಬೇಕು: ನಿಮಿರಿದ ಮೇಲೆ ಮುಟ್ಟುವುದನ್ನು ನಿಲ್ಲಿಸಿ, ಮೆತ್ತಗಾಗಲು ಬಿಡಿ. ಸ್ವಲ್ಪ ಹೊತ್ತು ಬೇರೆಡೆ ಮುಟ್ಟುತ್ತಾ ಇದ್ದು ಮತ್ತೆ ಶುರುಮಾಡಿ. ಮತ್ತೆ ನಿಮಿರುತ್ತದೆ. ಇದನ್ನು ಎರಡು ಮೂರು ಸಲ ಮಾಡಿದವನಿಗೆ ‘ಹೋದದ್ದು ವಾಪಸು ಬರುತ್ತದೆ’ ಎಂಬುದು ಉಪದೇಶವಾಗಿ ಉಳಿಯದೆ ಸ್ವಂತ ಅನುಭವವಾಗುತ್ತದೆ. ನಿಮ್ಮ ಒಳಗಿನ ‘ಬೇಗ ಶುರುಮಾಡು, ಹೋಗಿಬಿಟ್ಟೀತು’ ಎಂಬ ದನಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಇದು ಸಲೀಸಾದ ಮೇಲೆ ನಿಧಾನವಾಗಿ, ಮೊದಲು ಅಲುಗಾಟವಿಲ್ಲದೆ, ಆಮೇಲೆ ಪೂರ್ತಿಯಾಗಿ ಸಂಭೋಗಕ್ಕೆ ಬರುವುದು. ಯಾವ ಹಂತದಲ್ಲಿ ಹೆದರಿಕೆ ಬಂದರೂ ಒಂದು ಹಂತ ಹಿಂದೆ ಹೋಗಿ, ಅದರಲ್ಲಿ ಸೋಲೇನಿಲ್ಲ.

ಸ್ವಭಾವದ ವಿಷಯದಲ್ಲಿ ಮಾಡಬಹುದಾದದ್ದೂ ಇದೆ. ಕಳವಳ ಬದುಕಿನ ಎಲ್ಲ ಕಡೆ ಕಾಡುತ್ತಿದ್ದರೆ, ನಿದ್ದೆ ಕೆಡಿಸುತ್ತಿದ್ದರೆ, ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಯಿಂದ ಬಹಳ ಜನರಿಗೆ ಪ್ರಯೋಜನವಾಗಿದೆ. ಕಳವಳ ಪೂರ್ತಿ ಹೋಗುವವರೆಗೆ ಲೈಂಗಿಕ ಜೀವನ ಕಾಯಬೇಕಾಗಿಲ್ಲ, ಎರಡೂ ಜೊತೆಜೊತೆಗೆ ನಡೆಯಬಹುದು. ನಿದ್ದೆಯನ್ನಂತೂ ಈ ವಾರದಿಂದಲೇ ಸರಿಮಾಡಿಕೊಳ್ಳಿ, ತೊಂದರೆ ಶುರುವಾದದ್ದೇ ಅಲ್ಲಿಂದ.

ಕೊನೆಗೆ ಸ್ನೇಹಿತನ ಮಾತ್ರೆ. ಅದನ್ನು ತೆಗೆದುಕೊಳ್ಳಬೇಡಿ. ಈ ಮಾತ್ರೆಗಳೇ ಕೆಟ್ಟವು ಎಂದು ಹೀಗೆ ಹೇಳುತ್ತಿಲ್ಲ. ಸಿಲ್ಡೆನಾಫಿಲ್, ಟಡಾಲಾಫಿಲ್ ಒಳ್ಳೆಯ ಔಷಧಗಳು, ಮನಸ್ಸಿನ ಕಾರಣದ ತೊಂದರೆಯಲ್ಲೂ ಸ್ವಲ್ಪ ಕಾಲ ಆಸರೆಯಾಗಿ ನಾನೂ ಬರೆದುಕೊಡುತ್ತೇನೆ. ಮಾತ್ರೆಯ ಜೊತೆಗೆ ಮಾತಿನ ಚಿಕಿತ್ಸೆಯೂ ಇದ್ದರೆ ಬರೀ ಮಾತ್ರೆಗಿಂತ ಫಲ ಹೆಚ್ಚು ಎಂದು ತೋರಿಸಿದ ಅಧ್ಯಯನಗಳಿವೆ. ಆದರೆ ಸ್ನೇಹಿತನ ಡೋಸ್ ನಿಮ್ಮದಲ್ಲ, ಮಾತ್ರೆ ಅಸಲಿಯೋ ನಕಲಿಯೋ ಗೊತ್ತಿಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇವು ರಕ್ತದೊತ್ತಡವನ್ನು ಪ್ರಾಣಕ್ಕೆ ಅಪಾಯವಾಗುವಷ್ಟು ಇಳಿಸಬಲ್ಲವು. ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇವು ಆಸೆಯನ್ನು ಹುಟ್ಟಿಸುವುದಿಲ್ಲ, ಉದ್ರೇಕವಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಹೆದರಿಕೆ ಬಹಳವಾದರೆ ಮಾತ್ರೆಯೂ ಸೋಲುತ್ತದೆ, ಆಗ ‘ಮಾತ್ರೆಗೂ ಬಗ್ಗಲಿಲ್ಲ’ ಎಂಬ ಹೊಸ ಭಯ ಹುಟ್ಟುತ್ತದೆ. ಕಳವಳದ ಸ್ವಭಾವದವರಲ್ಲಿ ಇನ್ನೊಂದು ಸಮಸ್ಯೆ: ಚೆನ್ನಾಗಿ ಆದಾಗ ಅದರ ಶ್ರೇಯಸ್ಸೆಲ್ಲ ಮಾತ್ರೆಗೆ ಕೊಟ್ಟು, ಅದು ಜೇಬಿನಲ್ಲಿಲ್ಲದೆ ಮಂಚ ಹತ್ತಲು ಹೆದರುತ್ತಾರೆ. ಆದ್ದರಿಂದ ಮಾತ್ರೆ ಶುರುಮಾಡುವಾಗಲೇ ಹೇಗೆ, ಯಾವಾಗ ಕಡಿಮೆ ಮಾಡುವುದು ಎಂದು ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕು. ಹೆಂಡತಿಯಿಂದ ಮುಚ್ಚಿಟ್ಟು ತೆಗೆದುಕೊಳ್ಳುವುದೂ ಬೇಡ, ಸಿಕ್ಕಿಬೀಳುವ ಭಯ ಹೊಸದಾಗಿ ಸೇರಿಕೊಳ್ಳುತ್ತದೆ.

ತಪಾಸಣೆಗೆ ಫಿಸಿಷಿಯನ್ ಅಥವಾ ಯುರಾಲಜಿಸ್ಟ್ ಬಳಿ ಹೋಗಿ. ಅಭ್ಯಾಸಗಳನ್ನು ಇಬ್ಬರೇ ಎರಡು ತಿಂಗಳು ಮಾಡಿಯೂ ಬದಲಾವಣೆ ಕಾಣದಿದ್ದರೆ, ಲೈಂಗಿಕ ಚಿಕಿತ್ಸೆಯಲ್ಲಿ ತರಬೇತಿ ಇರುವ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಇಬ್ಬರೂ ಸೇರಿ ಕಾಣಿ. ಎದುರು ಕೂತು ಹೇಳಲು ಸಂಕೋಚವಾದರೆ ಬರೆದುಕೊಂಡು ಹೋಗಿ: ಯಾವಾಗ ಶುರುವಾಯಿತು, ಬೆಳಗಿನ ನಿಮಿರುವಿಕೆ ಹೇಗಿದೆ, ಯಾವ ಹಂತದಲ್ಲಿ ಮೆತ್ತಗಾಗುತ್ತದೆ, ಆಗ ಮನಸ್ಸಿನಲ್ಲಿ ಏನು ಓಡುತ್ತದೆ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಆಸೆ ಮೊದಲಿನಷ್ಟೇ ಇದೆಯೇ. ಅಷ್ಟಿದ್ದರೆ ಮೊದಲ ಭೇಟಿಯಲ್ಲೇ ಚಿಕಿತ್ಸೆ ಶುರುಮಾಡಬಹುದು.